ಎರಡು ಬೆರಳು ನೀರು



ನಮ್ಮ ತವರುಮನೆ ಇರುವುದು ಕಾರ್ಕಳದಿಂದ ಮಾಳದ ಕಡೆಗೆ ಹೋಗುವಾಗ, ಘಟ್ಟದ ಬುಡದಲ್ಲಿ. ನಾನು ಸಣ್ಣವಳಿದ್ದಾಗ ಮನೆಗೆ ಬಾವಿ ಇರಲಿಲ್ಲ. ಹಿಂದಿನ ಗುಡ್ಡೆಯ ಒಂದು ಒರತೆಯಿಂದ ಅಡಿಕೆ ಮರದ ದಂಬೆಗಳನ್ನು ಒಂದರ ಬಾಯಿಗೆ ಇನ್ನೊಂದನ್ನು ಕೂಡಿಸಿ ಅಂಗಳದ ಮೂಲೆಗೆ ನೀರು ತಂದಿದ್ದರು. ಹಗಲು ರಾತ್ರಿ ಅದು ಬೀಳುತ್ತಲೇ ಇರುತ್ತಿತ್ತು. ಅಬ್ಬಿ ನೀರು ಅನ್ನುತ್ತಿದ್ದೆವು. ಪಾತ್ರೆ ತೊಳೆಯುವುದು, ಬಟ್ಟೆ ಒಗೆಯುವುದು, ಹಂಡೆ ತುಂಬುವುದು ಎಲ್ಲ ಅದರಲ್ಲೇ. ದೀಪಾವಳಿ ಕಳೆಯಿತೆಂದರೆ ನನ್ನ ಅಪ್ಪ ಬೆಳಿಗ್ಗೆ ಎದ್ದವರು ಮುಖ ತೊಳೆಯುವ ಮೊದಲೇ ದಂಬೆಯ ಬಾಯಿಗೆ ಕೈಯೊಡ್ಡಿ ನೀರಿನ ಗಾತ್ರ ನೋಡುತ್ತಿದ್ದರು. ನವೆಂಬರಿನಲ್ಲಿ ಮುಷ್ಟಿ ಗಾತ್ರ. ಮಕರ ಸಂಕ್ರಾಂತಿಗೆ ಮೂರು ಬೆರಳು. ಶಿವರಾತ್ರಿಯ ಹೊತ್ತಿಗೆ ಎರಡು. ಎರಡು ಬೆರಳಿಗೆ ಇಳಿದ ದಿನ ತೋಟದ ನೀರಿನ ಸರದಿ ಬದಲಾಗುತ್ತಿತ್ತು, ಮನೆಮಂದಿಯ ಸ್ನಾನದ ಹೊತ್ತೂ ಬದಲಾಗುತ್ತಿತ್ತು. ಬಿಸಿಲು ಎಷ್ಟೇ ಏರಿದರೂ ಅದು ಪೂರ್ತಿ ನಿಂತದ್ದನ್ನು ಮಾತ್ರ ನಾನು ನೋಡಲಿಲ್ಲ.

“ಮಳೆ ನಿಂತು ಇಷ್ಟು ದಿನ ಆಯಿತಲ್ಲ, ಇದು ಎಲ್ಲಿಂದ ಬರ್ತದೆ ಅಪ್ಪ?” ಎಂದು ಒಮ್ಮೆ ಕೇಳಿದ್ದೆ.

“ಗುಡ್ಡೆಯ ನೆತ್ತಿಯಿಂದ, ಮಗಾ.”

ಅಪ್ಪ ಹೇಳಿದ್ದು ಅಷ್ಟೇ. ಆ ನೆತ್ತಿ ಎಂದರೆ ಏನು ಎಂದು ನನಗೆ ಅರ್ಥವಾಗಲು ಬಹಳ ವರ್ಷ ಬೇಕಾಯಿತು. ಈಗ ಹೇಳಹೊರಟದ್ದು ಒಂದು ಸಣ್ಣ ನಡಿಗೆಯ ಸಂಗತಿ. ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗಿನ ಹನುಮನಗುಂಡಿ ಜಲಪಾತಕ್ಕೆ ಕಳೆದ ಡಿಸೆಂಬರಿನ ಮೊದಲ ವಾರ ನಾನು, ನನ್ನ ಅಣ್ಣ, ಅತ್ತಿಗೆ ಹೋಗಿದ್ದೆವು. ರಸ್ತೆಯಿಂದ ಮೆಟ್ಟಿಲಿಳಿದು ನೀರಿನ ಬಳಿ ಹೋಗಿ ಬರುವಷ್ಟೇ ದಾರಿ. ಚಾರಣ ಎಂದು ಹೇಳುವಂಥದ್ದೇನಲ್ಲ. ಎಳೆಯ ಮಕ್ಕಳನ್ನು ಸೊಂಟದಲ್ಲಿಟ್ಟುಕೊಂಡು ಇಳಿಯುವವರೂ ಇದ್ದಾರೆ.

ಕಾರ್ಕಳ ಬಿಟ್ಟು ಬಜಗೋಳಿ ದಾಟಿ ಮಾಳದ ತಪಾಸಣಾ ಗೇಟಿಗೆ ಬಂದರೆ ಅರಣ್ಯ ಇಲಾಖೆಯವರು ವಾಹನದ ನಂಬರು ಬರೆದು, ಹೊತ್ತು ನಮೂದಿಸಿದ ಚೀಟಿ ಕೊಡುತ್ತಾರೆ. ದಾರಿಯಲ್ಲಿ ಕಂಡಕಂಡಲ್ಲಿ ನಿಲ್ಲಿಸಿ ಅಡುಗೆ ಮಾಡುತ್ತ, ಬಾಟಲಿ ಎಸೆಯುತ್ತ ಕೂರಬಾರದು ಎಂಬುದಕ್ಕೆ ಈ ಏರ್ಪಾಡು. ನನಗಂತೂ ಅದು ಬಹಳ ಸರಿ ಅನ್ನಿಸುತ್ತದೆ. ಅಲ್ಲಿಂದ ಘಟ್ಟ ಏರಲು ಶುರು. ಎರಡೂ ಕಡೆ ದಟ್ಟ ಕಾಡು. ಹಗಲಲ್ಲೂ ರಸ್ತೆಯ ಮೇಲೆ ಬಿಸಿಲು ಚಿಲ್ಲರೆ ಕಾಸು ಚೆಲ್ಲಿದ ಹಾಗೆ ಅಲ್ಲಲ್ಲಿ ಅಷ್ಟೇ. ತಿರುವು ತಿರುವಿನಲ್ಲಿ ಬಂಡೆಯಿಂದ ನೀರು ಜಿನುಗುತ್ತಿತ್ತು. ಏರುತ್ತ ಏರುತ್ತ ಎಸ್.ಕೆ. ಬಾರ್ಡರ್ ಬರುತ್ತದೆ. ಸೌತ್ ಕೆನರಾ ಎಂಬ ಜಿಲ್ಲೆಯೇ ಈಗ ಇಲ್ಲ, ಅದು ದಕ್ಷಿಣ ಕನ್ನಡವಾಗಿ, ಅದರಿಂದ ಉಡುಪಿಯೂ ಬೇರೆಯಾಗಿ ಎಷ್ಟೋ ಕಾಲವಾಯಿತು. ಆದರೂ ಬಸ್ಸಿನವರ ಬಾಯಲ್ಲಿ ಆ ಜಾಗದ ಹೆಸರು ಇವತ್ತಿಗೂ ಎಸ್.ಕೆ. ಬಾರ್ಡರ್.

ಅಲ್ಲಿಂದ ಮುಂದೆ ನೋಟವೇ ಬೇರೆ. ಇಷ್ಟು ಹೊತ್ತು ಮುತ್ತಿಕೊಂಡಿದ್ದ ಕಾಡು ಹಿಂದೆ ಸರಿದು ಹುಲ್ಲಿನ ಗುಡ್ಡಗಳು ಎದ್ದು ನಿಲ್ಲುತ್ತವೆ. ಒಂದರ ಹಿಂದೆ ಒಂದು, ದುಂಡು ದುಂಡಾಗಿ. ಡಿಸೆಂಬರಾದ್ದರಿಂದ ಹಸಿರು ಆಗಷ್ಟೇ ಹೊಂಬಣ್ಣಕ್ಕೆ ತಿರುಗುತ್ತಿತ್ತು. ಗುಡ್ಡಗಳ ಮಡಿಕೆಗಳಲ್ಲಿ, ನೀರು ಹರಿಯುವ ಸಂದುಗಳಲ್ಲಿ ಮಾತ್ರ ಕಪ್ಪು ಹಸಿರಿನ ಕಾಡು, ಸೀರೆಯ ನೆರಿಗೆಯೊಳಗೆ ನೆರಳು ನಿಂತಂತೆ. ಇವೇ ಶೋಲಾ ಕಾಡುಗಳು. ಗಾಳಿಯ ಹೊಡೆತಕ್ಕೆ ಅಲ್ಲಿನ ಮರಗಳು ಎತ್ತರಕ್ಕೆ ಹೋಗುವುದಿಲ್ಲ. ಒತ್ತೊತ್ತಾಗಿ, ಮೈತುಂಬ ಪಾಚಿ ಹೊದ್ದು, ಕುಳ್ಳಗೆ ಬೆಳೆಯುತ್ತವೆ.

“ಇಷ್ಟೊಂದು ಗುಡ್ಡೆ ಬೋಳು ಬಿದ್ದಿದೆಯಲ್ಲ. ಗಿಡ ನೆಟ್ಟರೆ ಏನು ಇವರಿಗೆ?” ಎಂದರು ಅಣ್ಣ.

ಅಣ್ಣನೊಬ್ಬರ ಮಾತಲ್ಲ ಇದು. ಹುಲ್ಲುಗುಡ್ಡವನ್ನು ಕಂಡಾಗ ನಮ್ಮಲ್ಲಿ ಬಹುಮಂದಿಗೆ ಬರುವ ಯೋಚನೆ ಇದೇ. ಮರವಿದ್ದರೆ ಕಾಡು, ಇಲ್ಲದಿದ್ದರೆ ಪಾಳು ಎಂದು ತಿಳಿದು ಹಿಂದೆ ಈ ಸೀಮೆಯ ಹುಲ್ಲುಗಾವಲುಗಳಲ್ಲಿ ಅಕೇಶಿಯಾ ನೆಟ್ಟದ್ದೂ ಉಂಟು. ಸದುದ್ದೇಶದಿಂದಲೇ ನೆಟ್ಟಿರಬಹುದು. ಆದರೆ ಹುಲ್ಲುಗುಡ್ಡ ಪಾಳು ಜಾಗವಲ್ಲ. ಗಾಳಿ, ತೆಳು ಮಣ್ಣು, ವಿಪರೀತ ಮಳೆ ಇವೆಲ್ಲದರ ನಡುವೆ ಬಾಳಿ ಬಂದ ಹುಲ್ಲು ಅದು. ಕಾಟಿ, ಕಡವೆಗಳ ಮೇವು ಅದು. ನೀರಿನ ಲೆಕ್ಕದಲ್ಲಂತೂ ನಮ್ಮೆಲ್ಲರ ಉಗ್ರಾಣ.

ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕುದುರೆಮುಖದ ಪಡುವಣ ಮಗ್ಗುಲಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಬೀಳುತ್ತದೆ. ಬಿದ್ದದ್ದು ಹರಿಯದೆ, ಇಂಗದೆ ಅಲ್ಲೇ ನಿಂತರೆ ಎರಡಂತಸ್ತಿನ ಮನೆ ಮುಳುಗುವಷ್ಟು. ಅದರಲ್ಲಿ ಹೆಚ್ಚಿನ ಪಾಲು ಬೀಳುವುದು ಜೂನಿನಿಂದ ಸೆಪ್ಟೆಂಬರಿನವರೆಗಿನ ನಾಲ್ಕು ತಿಂಗಳಲ್ಲಿ. ಇಷ್ಟು ಕಡಿದಾದ ಬೆಟ್ಟದ ಮೇಲೆ ಇಷ್ಟು ಮಳೆ ಬಿದ್ದರೆ ಎಲ್ಲವೂ ಆ ದಿನವೇ ಸಮುದ್ರ ಸೇರಬೇಕಿತ್ತು, ಮಣ್ಣನ್ನೂ ಬಾಚಿಕೊಂಡು. ಹಾಗೆ ಆಗದಂತೆ ಮೊದಲು ತಡೆಯುವುದು ಹುಲ್ಲು. ಹನಿಯ ಪೆಟ್ಟನ್ನು ಅದರ ಎಸಳು ತಿನ್ನುತ್ತದೆ, ಮಣ್ಣಿಗೆ ತಾಗಗೊಡುವುದಿಲ್ಲ. ಬುಡದ ಬೇರು ಜಡೆ ಹೆಣೆದ ಹಾಗೆ ಮಣ್ಣನ್ನು ಹಿಡಿದಿರುತ್ತದೆ. ಓಡುವ ನೀರು ಅಲ್ಲಿ ನಡೆಯಲು ಕಲಿಯುತ್ತದೆ. ನಡೆಯುವ ನೀರು ಇಂಗುತ್ತದೆ. ಗುಡ್ಡದ ಮಡಿಕೆಗೆ ಇಳಿದಾಗ ಶೋಲಾದ ತರಗೆಲೆ, ಕಪ್ಪುಮಣ್ಣು ಅದನ್ನು ಕುಡಿದು, ಬಂಡೆಯ ಬಿರುಕುಗಳಿಗೆ ಸ್ವಲ್ಪಸ್ವಲ್ಪವಾಗಿ ಬಿಡುತ್ತವೆ. ಆಷಾಢದ ಮಳೆ ಮಾಘದಲ್ಲಿ ಕೆಳಗೆ ಬಂದು ಮುಟ್ಟುವುದು ಹೀಗೆ.

ಇದನ್ನೆಲ್ಲ ಅಣ್ಣನಿಗೆ ಕಾರಿನಲ್ಲೇ ಹೇಳಿದೆ. ಅವರು ಸುಮ್ಮನೆ ಹೊರಗೆ ನೋಡುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ, “ಹಾಗಾದರೆ ಅಪ್ಪ ಹೇಳ್ತಿದ್ದ ನೆತ್ತಿ ಇದೇ” ಎಂದರು. ಅಪ್ಪನ ಉತ್ತರ ಅವರಿಗೂ ನೆನಪಿತ್ತು.

ಜಲಪಾತದ ಹತ್ತಿರ ಟಿಕೆಟ್ ಪಡೆದು ಇಳಿಯತೊಡಗಿದೆವು. ನೀರು ಕಾಣುವ ಮೊದಲು ಕೇಳುತ್ತದೆ. ಮೊದಲು ಗಾಳಿಯೋ ನೀರೋ ತಿಳಿಯದ ಒಂದು ಗುಂಯ್ ಅನ್ನುವ ಸದ್ದು, ಹತ್ತಿಪ್ಪತ್ತು ಮೆಟ್ಟಿಲು ಇಳಿದ ಮೇಲೆ ಅದು ಭೋರೆಂದು ಬಿಡಿಸಿಕೊಳ್ಳುತ್ತದೆ. ಗಾಳಿ ತಂಪಾಗುತ್ತದೆ, ಮೂಗಿಗೆ ಒದ್ದೆ ಕಲ್ಲಿನ ವಾಸನೆ. ಸಂದಿನಲ್ಲೆಲ್ಲೋ ಮಲಬಾರ್ ಸಿಳ್ಳೆ ಹಕ್ಕಿ ಶಾಲೆಯಿಂದ ಮನೆಗೆ ಹೊರಟ ಹುಡುಗನ ಹಾಗೆ ಯಾವ ರಾಗವೂ ಅಲ್ಲದ ರಾಗ ಎಳೆಯುತ್ತಿತ್ತು.

ಅರ್ಧ ದಾರಿಯಲ್ಲಿ ಅತ್ತಿಗೆ ನಿಂತರು. ಅವರಿಗೆ ಮಂಡಿನೋವು. “ಇಳಿಯಲಿಕ್ಕೆ ಆದೀತು, ಹತ್ತುವುದು ನನ್ನಿಂದ ಆಗ್ಲಿಕ್ಕಿಲ್ಲ. ನೀವಿಬ್ಬರು ಹೋಗಿ ಬನ್ನಿ” ಎಂದು ಮೆಟ್ಟಿಲ ಪಕ್ಕದಲ್ಲಿ, ನೆರಳಲ್ಲಿ ಕೂತುಬಿಟ್ಟರು. ಆ ಬದಿಯಲ್ಲೇ ಒಂದು ತೊರೆ, ಒಂದು ಮಾರು ಅಗಲವೂ ಇಲ್ಲದ್ದು, ಕಲ್ಲುಗಳ ನಡುವೆ ತೂರಿಕೊಂಡು ಕೆಳಗೆ ಹೋಗುತ್ತಿತ್ತು.

ಕೆಳಗೆ ಹನುಮನಗುಂಡಿ. ಜೋಗದ ಹಾಗೆ ಕತ್ತೆತ್ತಿ ನೋಡುವ ಎತ್ತರ ಇದಕ್ಕಿಲ್ಲ. ಕಪ್ಪು ಬಂಡೆಯ ಮೇಲೆ ಹರಡಿ ಬಿದ್ದು, ಕೆಳಗಿನ ಗುಂಡಿಯಲ್ಲಿ ಒಂದು ಸುತ್ತು ತಿರುಗಿ ಮುಂದೆ ಹೋಗುವ ನೀರು. ಇದಕ್ಕೆ ಸೂತನಬ್ಬಿ ಎಂಬ ಇನ್ನೊಂದು ಹೆಸರಿದೆ. ಅಬ್ಬಿ ಎಂಬ ಮಾತಿನ ಮೇಲೆ ನನಗೆ ಬಹಳ ಪ್ರೀತಿ. ಆಗುಂಬೆಯ ಹತ್ತಿರ ಒನಕೆ ಅಬ್ಬಿ ಇದೆ, ಮಡಿಕೇರಿಯಲ್ಲಿ ಅಬ್ಬಿ ಜಲಪಾತ. ತುಳುವಿನಲ್ಲಿ ನಾವು ಅರ್ಬಿ ಎನ್ನುತ್ತೇವೆ, ತಮಿಳಿನವರು ಅರುವಿ ಎನ್ನುತ್ತಾರೆ. ಮೂರೂ ಒಂದೇ ಮನೆಯ ಮಾತುಗಳು. ಬೆಟ್ಟದಲ್ಲಿ ನೂರಡಿಯಿಂದ ಧುಮುಕುವ ನೀರಿಗೂ ಅಬ್ಬಿ, ನಮ್ಮ ಅಂಗಳದಲ್ಲಿ ದಂಬೆಯಿಂದ ಬೀಳುವ ನೀರಿಗೂ ಅಬ್ಬಿ. ನಮ್ಮ ಹಿರಿಯರಿಗೆ ಅವೆರಡೂ ಬೇರೆ ಅನ್ನಿಸಿರಲಿಲ್ಲ ಎಂದು ನಾನು ತಿಳಿಯುತ್ತೇನೆ. ಜಲಪಾತ ಎಂಬ ಮಾತು ಬಂದ ಮೇಲೆ ಒಂದು ನೋಡುವ ಜಾಗವಾಯಿತು, ಇನ್ನೊಂದು ನಲ್ಲಿಯಾಯಿತು.

ಗುಂಡಿ ಎಂಬ ಮಾತನ್ನೂ ಮರೆಯಬಾರದು. ಮೇಲಿಂದ ಬೀಳುವ ನೀರು, ಅದರ ಜೊತೆ ಉರುಳುವ ಕಲ್ಲು ಎಷ್ಟೋ ಸಾವಿರ ಮಳೆಗಾಲಗಳಲ್ಲಿ ಕೊರೆದ ಜಾಗ ಅದು. ಮೇಲ್ಮೈ ಶಾಂತವಾಗಿ ಕಂಡರೂ ಒಳಗೆ ನೀರು ತಿರುಗುತ್ತಿರುತ್ತದೆ. ಒದ್ದೆ ಬಂಡೆಯ ಮೇಲೆ ಪಾಚಿ, ಕಾಲಿಟ್ಟರೆ ಜಾರುವುದು ಕ್ಷಣದ ಮಾತು. ನಮ್ಮ ಎದುರೇ ಇಬ್ಬರು ಹುಡುಗರು ನೀರು ಬೀಳುವ ಬುಡಕ್ಕೇ ಹೋಗಲು ಹೊರಟಿದ್ದರು. ಕಾವಲಿಗಿದ್ದ ಹಿರಿಯರು ಸಿಳ್ಳೆ ಊದಿ ವಾಪಸು ಕರೆದರು. ನನ್ನ ಕಡೆ ತಿರುಗಿ, “ಏನು ಹೇಳುವುದಮ್ಮ, ಬಂಡೆಯಿಂದ ಜಾರಿದ ಮೇಲೆ ನಾವು ಸಿಳ್ಳೆ ಊದಿ ಏನು ಬಂತು? ಮಳೆ ಜೋರಿದ್ದಾಗ ಈ ಮೆಟ್ಟಿಲೇ ಹೊಳೆ. ಆಗ ಕೆಳಗೆ ಬಿಡುವುದೇ ಇಲ್ಲ” ಎಂದರು. ಅವರ ಕೈಯಲ್ಲೊಂದು ಗೋಣಿಚೀಲ. ಅದರಲ್ಲಿ ಶಾಂಪೂ ಪೊಟ್ಟಣ, ಚಿಪ್ಸಿನ ಕವರು, ಒಂದು ಮಗುವಿನ ಚಪ್ಪಲಿ. ಬೆಳಿಗ್ಗೆಯಿಂದ ಹೆಕ್ಕಿದ್ದಂತೆ.

ಶಾಂಪೂ ಪೊಟ್ಟಣ ಕಂಡು ನನಗೆ ನೋವಾಯಿತು. ಏಕೆ ಎಂದು ಈಗ ಹೇಳುತ್ತೇನೆ.

ನಾವು ವಾಪಸು ಹತ್ತುತ್ತಿರುವಾಗ ಅತ್ತಿಗೆ ದೂರದಿಂದಲೇ ತುಟಿಯ ಮೇಲೆ ಬೆರಳಿಟ್ಟು, ಇನ್ನೊಂದು ಕೈಯಿಂದ ಕರೆದರು. ಹತ್ತಿರ ಹೋದೆ. “ಮಾರಾಯ್ತಿ, ಸದ್ದು ಮಾಡಬೇಡ. ಅಲ್ಲಿ ನೋಡು, ಆ ಕಲ್ಲಿನ ಮೇಲೆ. ಅರ್ಧ ಗಂಟೆಯಿಂದ ನನಗೆ ಕಾಲೆತ್ತಿ ತೋರಿಸ್ತಾ ಉಂಟು” ಎಂದರು.

ಮೊದಲು ನನಗೆ ಏನೂ ಕಾಣಲಿಲ್ಲ. ಒದ್ದೆ ಕಂದು ಕಲ್ಲಿನ ಮೇಲೆ ಒದ್ದೆ ಕಂದು ಎಲೆ, ಅಷ್ಟೇ. ಆ ಎಲೆ ಅಲುಗಾಡಿತು. ನನ್ನ ಹೆಬ್ಬೆರಳಿನ ಮೇಲಿನ ಗೆಣ್ಣಿನಷ್ಟಿದ್ದ ಒಂದು ಕಪ್ಪೆ. ಗಂಟಲ ಕೆಳಗೆ ಬಿಳಿಯ ಗುಳ್ಳೆಯೊಂದು ಉಬ್ಬಿತು, ಇಳಿಯಿತು. ಆಮೇಲೆ ಅದು ಒಂದು ಹಿಂಗಾಲನ್ನು ನಿಧಾನವಾಗಿ ಎತ್ತಿ, ಹಿಂದಕ್ಕೆ ಪೂರ್ತಿ ಚಾಚಿ, ಬೆರಳುಗಳನ್ನು ಬಿಡಿಸಿತು. ಬೆರಳುಗಳ ನಡುವಿನ ಬಿಳಿ ಪೊರೆ ಆ ಕತ್ತಲೆಯಲ್ಲಿ ಒಂದು ಗಳಿಗೆ ಹೊಳೆಯಿತು. ಕಾಲು ಮಡಚಿಕೊಂಡಿತು. ಎರಡು ಮೊಳ ಆಚೆಯ ಕಲ್ಲಿನಲ್ಲಿ ಇನ್ನೊಂದು ಕಪ್ಪೆ. ಅದೂ ಕಾಲೆತ್ತಿತು.

ಇವು ಕುಣಿಯುವ ಕಪ್ಪೆಗಳು. ಪಶ್ಚಿಮ ಘಟ್ಟದಲ್ಲಲ್ಲದೆ ಜಗತ್ತಿನ ಬೇರೆಲ್ಲೂ ಇಲ್ಲದ ಕುಟುಂಬ. ಗಂಡು ಕಪ್ಪೆ ಹೆಣ್ಣನ್ನು ಕರೆಯಲು, ಇನ್ನೊಂದು ಗಂಡನ್ನು ತನ್ನ ಕಲ್ಲಿನಿಂದ ದೂರವಿಡಲು ಕೂಗುವುದುಂಟು. ಆದರೆ ಇವು ಬಾಳುವುದು ಹರಿಯುವ ನೀರಿನ ಬದಿಯಲ್ಲಿ. ನೀರಿನ ಸದ್ದಿನಲ್ಲಿ ಕೂಗು ಮುಳುಗಿಹೋಗುತ್ತದೆ. ಹಾಗಾಗಿ ಕಾಲಿನಿಂದ ಮಾತಾಡುತ್ತವೆ. ಬಹುಪಾಲು ಕಪ್ಪೆಗಳು ರಾತ್ರಿ ಕೂಗಿದರೆ ಇವು ಹಗಲಲ್ಲೇ ಕುಣಿಯುವುದೂ ಅದಕ್ಕೇ ಇರಬೇಕು. ಕಾಲು ಕಾಣಬೇಕಲ್ಲ. ಬಾನುಲಿಯಲ್ಲಿ ನಾನು ನಿಮ್ಮ ಕಿವಿಯೊಂದನ್ನೇ ನಂಬಿ ಮಾತಾಡುತ್ತಿದ್ದೇನೆ. ಆ ಕಪ್ಪೆಗೆ ತನ್ನವರ ಕಣ್ಣೇ ಗತಿ.

ಈ ಕುಟುಂಬದ ಒಂದು ಕಪ್ಪೆಗೆ ನಮ್ಮ ಚಿಕ್ಕಮಗಳೂರು ಜಿಲ್ಲೆಯ ಕೊಟ್ಟಿಗೆಹಾರದ ಹೆಸರಿದೆ. 1937ರಲ್ಲಿ ಅದನ್ನು ವಿಜ್ಞಾನಕ್ಕೆ ಪರಿಚಯಿಸಿದವರು ಸಿ.ಆರ್. ನಾರಾಯಣ ರಾವ್. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದವರು, ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರು. ಇದೇ ಕುಟುಂಬದಲ್ಲಿ ಎಸ್.ಡಿ. ಬಿಜು ಅವರ ತಂಡ 2014ರಲ್ಲಿ ಒಂದೇ ಸಲ ಹದಿನಾಲ್ಕು ಹೊಸ ಜಾತಿಗಳನ್ನು ವಿವರಿಸಿತು. ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿ ಇನ್ನೊಂದು. ಇವುಗಳ ಗೊದಮೊಟ್ಟೆ ಎಲ್ಲಿರುತ್ತದೆ ಎಂಬುದೇ ಬಹುಕಾಲ ಯಾರಿಗೂ ಸಿಕ್ಕಿರಲಿಲ್ಲ. 2016ರಲ್ಲಿ ತಿಳಿಯಿತು: ಅದು ತೊರೆಯ ತಳದ ಮರಳಿನೊಳಗೆ ಹೂತುಕೊಂಡು ಬೆಳೆಯುತ್ತದೆ. ಅಂದರೆ ನಾವು “ಚಿಕ್ಕ ತೊರೆ, ಕಾಲಿಳಿಬಿಟ್ಟು ಕೂರೋಣ” ಎಂದು ತುಳಿಯುವ ಆ ಮರಳು ಒಂದು ತೊಟ್ಟಿಲು. ಸಾಬೂನು, ಶಾಂಪೂ ಸೇರುವುದು ಅದಕ್ಕೇ. ಮೇಲಿನ ಗುಡ್ಡದ ಹುಲ್ಲು ಸುಟ್ಟು ಮಣ್ಣು ಕೊಚ್ಚಿಬಂದರೆ ಮುಚ್ಚಿಹೋಗುವುದೂ ಅದೇ.

ಮಣ್ಣಿನ ಮಾತು ಬಂದದ್ದರಿಂದ ಹೇಳಲೇಬೇಕು. ಈ ಬೆಟ್ಟಗಳ ಹೊಟ್ಟೆಯಲ್ಲಿರುವುದು ಕಬ್ಬಿಣದ ಅದಿರು. ಅದನ್ನು ತೆಗೆಯಲು 1976ರಲ್ಲಿ ಕಂಪೆನಿ ಹುಟ್ಟಿತು, ಕುದುರೆಮುಖ ಎಂಬ ಪಟ್ಟಣವೇ ಎದ್ದಿತು, ಪುಡಿಮಾಡಿದ ಅದಿರು ನೀರಿನೊಂದಿಗೆ ಕೊಳವೆಯಲ್ಲಿ ಮಂಗಳೂರಿಗೆ ಇಳಿಯಿತು. ಉಳಿದ ಹೂಳನ್ನು ತಡೆದು ನಿಲ್ಲಿಸಲು ಲಕ್ಯಾ ಅಣೆಕಟ್ಟು ಕಟ್ಟಿದರು. ಅಲ್ಲಿ ದುಡಿದ ಎಷ್ಟೋ ಮನೆಗಳು ನಮ್ಮ ಬಂಧುಬಳಗದಲ್ಲೇ ಇವೆ. ಅವರ ಅನ್ನದ ಮಾತನ್ನು ನಾನು ಹಗುರವಾಗಿ ಆಡಲಾರೆ. ಆದರೆ ಮಳೆಗಾಲದಲ್ಲಿ ಭದ್ರೆ ಕೆಂಪಾಗಿ ಹರಿದದ್ದೂ ನಿಜವೇ. ಸಿಂಗಳೀಕಗಳ ಬಗ್ಗೆ ಉಲ್ಲಾಸ ಕಾರಂತರು ಎಂಬತ್ತರ ದಶಕದಲ್ಲಿ ನಡೆಸಿದ ಸಮೀಕ್ಷೆ ಈ ಕಾಡಿನ ಬೆಲೆಯನ್ನು ಎತ್ತಿ ತೋರಿಸಿತು. 1987ರಲ್ಲಿ ಆರುನೂರು ಚದರ ಕಿಲೋಮೀಟರ್ ಕಾಡು ರಾಷ್ಟ್ರೀಯ ಉದ್ಯಾನವೆಂದು ಘೋಷಣೆಯಾಯಿತು. ಗಣಿಯ ವಿರುದ್ಧ, ಹಿಂದೆ ನಾಗರಹೊಳೆಯಲ್ಲಿ ವಲಯ ಅರಣ್ಯಾಧಿಕಾರಿಯಾಗಿದ್ದ ಕೆ.ಎಂ. ಚಿಣ್ಣಪ್ಪನವರು ಹೂಡಿದ ವ್ಯಾಜ್ಯದಲ್ಲಿ 2002ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂತು. 2005ರ ಕೊನೆಯ ದಿನ ಗಣಿ ನಿಂತಿತು. ಪಶ್ಚಿಮ ಘಟ್ಟಕ್ಕೆ 2012ರಲ್ಲಿ ವಿಶ್ವ ಪರಂಪರೆಯ ಮನ್ನಣೆ ಸಿಕ್ಕಾಗ ಆ ಪಟ್ಟಿಯಲ್ಲಿ ಈ ಉದ್ಯಾನವೂ ಇತ್ತು.

ಇದೇ ಸಾಲಿನ ಗಂಗಾಮೂಲದಲ್ಲಿ ತುಂಗೆ, ಭದ್ರೆ, ನೇತ್ರಾವತಿ ಹುಟ್ಟುತ್ತವೆ. ಎರಡು ಮೂಡಣಕ್ಕೆ ಹೋಗಿ ಕೂಡಲಿಯಲ್ಲಿ ಒಂದಾಗಿ, ಮುಂದೆ ಕೃಷ್ಣೆ ಸೇರಿ, ಬಂಗಾಳ ಕೊಲ್ಲಿ ಕಾಣುತ್ತವೆ. ಮೂರನೆಯದು ಧರ್ಮಸ್ಥಳ, ಬಂಟ್ವಾಳ ದಾಟಿ ಮಂಗಳೂರಿನಲ್ಲಿ ಅರಬ್ಬೀ ಸಮುದ್ರಕ್ಕೆ. ಶೃಂಗೇರಿಯ ಮೀನುಗಳಿಗೂ, ಹೊಸಪೇಟೆಯ ಗದ್ದೆಗೂ, ಮಂಗಳೂರಿನ ಕುಡಿಯುವ ನೀರಿನ ನಲ್ಲಿಗೂ ಮೂಲದಲ್ಲಿ ಈ ಹುಲ್ಲೇ.

ಅತ್ತಿಗೆಯ ಪಕ್ಕ ನಾವೂ ಕೂತೆವು. ಜನ ನಮ್ಮನ್ನು ದಾಟಿ ಇಳಿಯುತ್ತಿದ್ದರು, ಏರುತ್ತಿದ್ದರು. ಏಳೆಂಟು ವರ್ಷದ ಒಬ್ಬ ಹುಡುಗಿ ಮಾತ್ರ ನಮ್ಮ ಕಣ್ಣು ಹೋದ ಕಡೆ ನೋಡಿ ನಿಂತಳು. ಅತ್ತಿಗೆ ಅವಳನ್ನು ಪಕ್ಕಕ್ಕೆಳೆದು ಕೂರಿಸಿಕೊಂಡು, ಬೆರಳು ಚಾಚದೆ, ಬರೀ ಗಲ್ಲದಿಂದ ಕಲ್ಲನ್ನು ತೋರಿಸಿದರು. ಹುಡುಗಿ ಉಸಿರು ಬಿಗಿಹಿಡಿದು ನೋಡಿದಳು. ಕಪ್ಪೆ ಕಾಲೆತ್ತಿದಾಗ ಅವಳು ಕೂತಲ್ಲೇ ತನ್ನ ಒಂದು ಕಾಲನ್ನು ಹಿಂದಕ್ಕೆ ಚಾಚಿ, ಚಪ್ಪಲಿಯೊಳಗೆ ಬೆರಳು ಬಿಡಿಸಲು ನೋಡಿದಳು. ಅವಳ ಅಮ್ಮ ಕೆಳಗಿನಿಂದ ಕರೆದರೂ ಓಗೊಡಲಿಲ್ಲ.

ಗೇಟಿನ ಹೊತ್ತು ಮೀರಬಾರದೆಂದು ಎದ್ದೆವು. ಬರುವಾಗ ಹುಲ್ಲುಗುಡ್ಡದ ಎದುರು ಅಣ್ಣ ಕಾರಿನ ಗಾಜು ಇಳಿಸಿ ವೇಗ ತಗ್ಗಿಸಿದರು, ನಿಲ್ಲಿಸಲಿಲ್ಲ. ಬಿಸಿಲು ಓರೆಯಾಗಿ ಬಿದ್ದು ಇಡೀ ಗುಡ್ಡದ ಮೇಲೆ ಗಾಳಿ ನಡೆಯುವುದು ಕಾಣುತ್ತಿತ್ತು. ಬೋಳು ಎಂಬ ಮಾತು ಅವರ ಬಾಯಿಂದ ಮತ್ತೆ ಬರಲಿಲ್ಲ.

ತವರಿನ ಅಂಗಳದಲ್ಲಿ ಈಗ ದಂಬೆ ಇಲ್ಲ, ಕಪ್ಪು ಪೈಪು ಬಂದಿದೆ. ಕೊಳವೆಬಾವಿಯೂ ಇದೆ. ಆದರೂ ಆ ಒರತೆಯ ನೀರನ್ನು ಅಣ್ಣ ಬಿಟ್ಟಿಲ್ಲ, ಪೈಪಿನಿಂದ ಅದೇ ಮೂಲೆಯ ಕಲ್ಲಿನ ಮೇಲೆ ಬೀಳುತ್ತದೆ. ಈ ಶಿವರಾತ್ರಿಯ ಮರುದಿನ ಫೋನು ಮಾಡಿದಾಗ ಅತ್ತಿಗೆಯ ಹತ್ತಿರ ಮಂಡಿನೋವಿನ ವಿಚಾರ, ಮಕ್ಕಳ ವಿಚಾರ ಎಲ್ಲ ಮಾತಾಡಿ ಕೊನೆಗೆ ಕೇಳಿದೆ, “ಅಬ್ಬಿ ಹೇಗುಂಟು ಅತ್ತಿಗೆ?”

“ಇರು, ನೋಡಿ ಹೇಳ್ತೇನೆ” ಎಂದು ಅಂಗಳಕ್ಕೆ ಹೋದರು. ಫೋನಿನಲ್ಲಿ ನೀರು ಬೀಳುವ ಸದ್ದು ಹತ್ತಿರವಾಯಿತು. ಅವರು ಕೈಯೊಡ್ಡಿದ್ದು ಸದ್ದು ಬದಲಾದದ್ದರಲ್ಲೇ ನನಗೆ ತಿಳಿಯಿತು.

“ಎರಡು ಬೆರಳು ಉಂಟು, ಮಾರಾಯ್ತಿ.”